ಮನೆಯವರು ಯಾರು, ಬಿಡಾರದವರು ಯಾರು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾರ್ಷಿಕೋತ್ಸವದ ಸಭೆಗಳಲ್ಲಿ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ವಾಡಿಕೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಕದಂಬರಿಂದ ಹಿಡಿದು ವಿಜಯನಗರದವರೆಗೆ ಹೆಸರುಗಳನ್ನು ಎಣಿಸಿ, ಚಪ್ಪಾಳೆ ತಟ್ಟಿ ಮನೆಗೆ ಹೋದ ಮೇಲೆ, ಮರುದಿನ ಬೆಳಿಗ್ಗೆ ಸಾಂಗಲಿ-ಮಿರಜಗಳ ಪೇಟೆಯಲ್ಲಿ ನಮ್ಮ ಬಾಳು ಎಂದಿನಂತೆಯೇ ಸಾಗುತ್ತದೆ. ಆದುದರಿಂದ ಈ ಹೊತ್ತು ಇಮ್ಮಡಿ ಪುಲಿಕೇಶಿಯನ್ನು ಅವನ ಪಾಡಿಗೆ ಬಿಟ್ಟು, ಅದೇ ಪೇಟೆಯಲ್ಲಿ ದಿನಾಲು ಕೇಳಿಬರುವ ಒಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಳ್ಳಬೇಕೆಂದಿದ್ದೇವೆ.

“ತುಮ್ಹೀ ಮೂಳಚೇ ಕುಠಲೇ?” ಎಂದರೆ, ನೀವು ಮೂಲತಃ ಎಲ್ಲಿಯವರು?

ಕೇಳುವವರ ಮನಸ್ಸಿನಲ್ಲಿ ಕೇಡಿರುವುದಿಲ್ಲ. ಎಷ್ಟೋ ಸಲ ಅದು ಸ್ನೇಹದ ಮಾತೇ ಆಗಿರುತ್ತದೆ. ಚಹದ ಬಟ್ಟಲನ್ನು ಮುಂದಿಟ್ಟೇ ಕೇಳುತ್ತಾರೆ. ಅಡ್ಡಹೆಸರು ಕಿವಿಗೆ ಬಿದ್ದಾಗಲೋ, ನಮ್ಮ ಹೆಣ್ಣುಮಕ್ಕಳು ತರಕಾರಿಯ ಅಂಗಡಿಯ ಮುಂದೆ ತಮ್ಮತಮ್ಮೊಳಗೆ ಕನ್ನಡದಲ್ಲಿ ಎರಡು ಮಾತಾಡಿದಾಗಲೋ ಈ ಪ್ರಶ್ನೆ ಬರುತ್ತದೆ. “ಇಲ್ಲಿಯವರೇ” ಎಂದು ಉತ್ತರಿಸಿದರೆ ಅದು ಪೂರ್ತಿ ಉತ್ತರವೆನಿಸುವುದಿಲ್ಲ. “ಅದು ಸರಿ, ಆದರೆ ಮೂಳಚೇ?” ಎಂದು ಇನ್ನೊಮ್ಮೆ ಕೇಳುತ್ತಾರೆ. ಅಜ್ಜನ ಅಜ್ಜನು ಕೃಷ್ಣೆಯ ಇದೇ ದಂಡೆಯಲ್ಲಿ ಉತ್ತಿ ಬಿತ್ತಿದವನಾಗಿದ್ದರೂ ನಾವು ಅಥಣಿಯದೋ ಚಿಕ್ಕೋಡಿಯದೋ ವಿಜಯಪುರದ್ದೋ ಒಂದು ಹೆಸರನ್ನು ಹುಡುಕಿ ಕೊಡಬೇಕು. ಕೊಟ್ಟೊಡನೆ ಕೇಳಿದವರಿಗೆ ಸಮಾಧಾನವಾಗುತ್ತದೆ.

ಪ್ರಶ್ನೆಯಲ್ಲಿ ನೋವಿಲ್ಲವೆಂದೇ ಇಟ್ಟುಕೊಳ್ಳೋಣ. ಅದನ್ನು ಯಾರಿಗೆ ಕೇಳುತ್ತಾರೆ, ಯಾರಿಗೆ ಕೇಳುವುದಿಲ್ಲ ಎಂಬುದನ್ನು ಮಾತ್ರ ನೋಡೋಣ. ಮಿರಜವನ್ನೂ ಸಾಂಗಲಿಯನ್ನೂ ಆಳಿದ ಪಟವರ್ಧನರ ಮನೆತನವು ಕೊಂಕಣದ ರತ್ನಾಗಿರಿ ಸೀಮೆಯ ಕೋತವಡೆಯಿಂದ ಬಂದದ್ದು. 18ನೆಯ ಶತಮಾನದಲ್ಲಿ ಪೇಶವೆಯರಿಂದ ಈ ಸೀಮೆಯ ಜಹಗೀರು ಅವರಿಗೆ ದೊರೆಯಿತು. 1801ರ ಸುಮಾರಿಗೆ ಚಿಂತಾಮಣರಾವ ಅಪ್ಪಾಸಾಹೇಬರು ಮಿರಜದಿಂದ ಬೇರೆಯಾಗಿ ಸಾಂಗಲಿಯನ್ನು ರಾಜಧಾನಿ ಮಾಡಿಕೊಂಡರು. ಕೃಷ್ಣಾ ದಂಡೆಯ ಗಣಪತಿಯ ಗುಡಿಯನ್ನು ಕಟ್ಟಿಸಿದ ಆ ಮನೆತನವನ್ನು ಯಾರೂ ‘ಮೂಳಚೇ ಕುಠಲೇ’ ಎಂದು ಕೇಳಿದವರಲ್ಲ. ಕೇಳಬೇಕೆಂದೂ ನಾವು ಹೇಳುವುದಿಲ್ಲ. ಕೊಂಕಣದಿಂದ ಬಂದವನು ಇಲ್ಲಿ ಮನೆಯವನಾಗಲು ಒಂದು ತಲೆಮಾರು ಸಾಕು, ಕನ್ನಡದ ಒಕ್ಕಲಿಗನಿಗೆ ಆರು ತಲೆಮಾರು ಸಾಲದು. ಇದು ಹೇಗೆ ಎಂಬುದೇ ನಮ್ಮ ವಿಚಾರ.

ಅರಿಷಿಣದ ಪೇಟೆಯ ಈ ಊರಿನಲ್ಲಿ ತೂಕದ ಮಾತನ್ನು ಆಡಿದರೆ ಎಲ್ಲರಿಗೂ ತಿಳಿದೀತು. ತಕ್ಕಡಿಯಲ್ಲಿ ಇಟ್ಟ ಮಾಲನ್ನು ಎಲ್ಲರೂ ನೋಡುತ್ತಾರೆ. ಕಲ್ಲನ್ನು ಯಾರೂ ನೋಡುವುದಿಲ್ಲ. ಯಾವ ಗುಂಪಿನ ನುಡಿ, ಉಡುಪು, ಹಬ್ಬಗಳು ಒಂದು ಊರಿನಲ್ಲಿ ತೂಕದ ಕಲ್ಲಾಗಿರುತ್ತವೆಯೋ ಆ ಗುಂಪಿಗೆ ತನ್ನದೊಂದು ಬೇರೆ ಗುರುತುಂಟೆಂಬುದೇ ತೋರುವುದಿಲ್ಲ. ಅವರದು ‘ಸಾಮಾನ್ಯ’, ಉಳಿದವರದು ‘ವಿಶೇಷ’. ಮರಾಠಿ ಶಾಲೆ ಬರಿಯ ಶಾಲೆ; ನಮ್ಮದು ಮಾತ್ರ ‘ಕಾನಡೀ ಶಾಲೆ’.

ಈ ಮಾತು ನಮ್ಮೊಬ್ಬರದೇ ಅಲ್ಲ. ಯುರೋಪಿನಲ್ಲಿ ಹಾಲೆಂಡ್ ಎಂಬ ಚಿಕ್ಕ ದೇಶವುಂಟು. ಅದರ ವರ್ತಕರು 17ನೆಯ ಶತಮಾನದಲ್ಲಿ ನಮ್ಮಿಂದ ಬಹು ದೂರವಲ್ಲದ ವೆಂಗುರ್ಲೆಯಲ್ಲಿ ವಖಾರ ಕಟ್ಟಿದ್ದರು. ಅದರ ಪಾಳುಗೋಡೆಗಳನ್ನು ಅಲ್ಲಿಗೆ ಹೋದವರು ನೋಡಿರಬಹುದು. ಆ ದೇಶದ ಸರಕಾರವು ಬಹುಕಾಲ ತನ್ನ ಪ್ರಜೆಗಳನ್ನು ಎರಡು ಹೆಸರುಗಳಿಂದ ಎಣಿಸಿತು: ಈ ಮಣ್ಣಿನವನು ‘ಆಟೋಖ್ತೋನ್’, ಬೇರೆ ಮಣ್ಣಿನವನು ‘ಆಲೋಖ್ತೋನ್’. ತಾಯಿತಂದೆಗಳಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದ್ದರೆ ಸಾಕು, ಆಮ್‌ಸ್ಟರ್‌ಡಾಮಿನಲ್ಲಿಯೇ ಹುಟ್ಟಿದ ಮಗುವೂ ಬೇರೆ ಮಣ್ಣಿನದಾಗುತ್ತಿದ್ದಿತು. ಅದರಲ್ಲಿಯೂ ‘ಪಾಶ್ಚಾತ್ಯ’, ‘ಪಾಶ್ಚಾತ್ಯವಲ್ಲದ’ ಎಂಬ ಒಳಭೇದ ಬೇರೆ. ವಿನೋದವೆಂದರೆ ಜಪಾನ ಮತ್ತು ಇಂಡೋನೇಶಿಯಾಗಳನ್ನು ಪಾಶ್ಚಾತ್ಯದಲ್ಲಿ ಸೇರಿಸಿದ್ದರು, ತುರ್ಕಸ್ಥಾನವನ್ನು ಸೇರಿಸಿರಲಿಲ್ಲ. ಭೂಗೋಳದ ಮಾಸ್ತರರು ಇದಕ್ಕೆ ಎಷ್ಟು ಗುಣ ಕೊಡುವರೋ! ಆ ಎರಡು ಹೆಸರುಗಳನ್ನು 2016ರಲ್ಲಿ ಸರಕಾರವು ಕೈಬಿಟ್ಟಿತು; ಪಾಶ್ಚಾತ್ಯದ ಒಳಭೇದವನ್ನು ಅಂಕಿಸಂಖ್ಯೆಯ ಇಲಾಖೆಯು 2022ರಲ್ಲಿ ಬಿಟ್ಟಿತು.

ಅದೇ 2016ರಲ್ಲಿ ಗ್ಲೋರಿಯಾ ವೆಕರ್ ಎಂಬ ವಿದುಷಿಯು ‘ವೈಟ್ ಇನೊಸೆನ್ಸ್’ ಎಂಬ ಗ್ರಂಥವನ್ನು ಬರೆದರು. ಡಚ್ಚರ ವಸಾಹತಾಗಿದ್ದ ಸುರಿನಾಮದಲ್ಲಿ ಹುಟ್ಟಿದ ಕರಿಯ ವರ್ಣದ ಹೆಣ್ಣುಮಗಳು ಅವರು. ಅವರ ವಾದದ ತಿರುಳು ಹೀಗಿದೆ: ನಮ್ಮದು ಚಿಕ್ಕ ದೇಶ, ನಾವು ನ್ಯಾಯವಂತರು, ಬಣ್ಣದ ಭೇದ ನಮ್ಮಲ್ಲಿಲ್ಲ ಎಂದು ಬಿಳಿಯ ಡಚ್ಚರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ, ಆ ನಂಬಿಕೆಯಿಂದಲೇ ನಾಲ್ಕುನೂರು ವರ್ಷಗಳ ವಸಾಹತಿನ ಒಡೆತನವು ತಮ್ಮ ಮನಸ್ಸಿನಲ್ಲಿ ಉಳಿಸಿಹೋದ ಮೇಲು-ಕೀಳು ಅವರಿಗೆ ಕಾಣುವುದಿಲ್ಲ. ಅದೇ ಸುರಿನಾಮಕ್ಕೆ 1873ರಲ್ಲಿ ‘ಲಾಲಾ ರೂಖ್’ ಎಂಬ ಹಡಗು ಕಲಕತ್ತೆಯಿಂದ ನಮ್ಮ ದೇಶದ ಕೂಲಿಗಳನ್ನು ಒಯ್ದಿತು. 1975ರಲ್ಲಿ ಸುರಿನಾಮ ಸ್ವತಂತ್ರವಾಗುವ ಕಾಲಕ್ಕೆ ಅವರ ವಂಶದವರಲ್ಲಿ ಅನೇಕರು ಹಾಲೆಂಡಿನ ಹೇಗ್ ಮೊದಲಾದ ನಗರಗಳಲ್ಲಿ ನೆಲೆನಿಂತರು. ಅವರ ಮೊಮ್ಮಕ್ಕಳ ಬಾಯಲ್ಲಿ ಅಚ್ಚ ಡಚ್ ನುಡಿ ಇದ್ದರೂ, “ಅದು ಸರಿ, ಆದರೆ ಮೂಲತಃ?” ಎಂಬ ಪ್ರಶ್ನೆ ಅವರಿಗೂ ತಪ್ಪಿದ್ದಲ್ಲ.

ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸವನ್ನು ಮರೆಯಬಾರದು. ನಮ್ಮನ್ನು ಯಾರೂ ಹಡಗಿನಲ್ಲಿ ತುಂಬಿ ತಂದವರಲ್ಲ. ಮರಾಠಿಗರೂ ನಾವೂ ಒಂದೇ ಬಣ್ಣದವರು, ಒಂದೇ ವಿಠೋಬನ ಭಕ್ತರು. ಆ ವಿಠೋಬನನ್ನು ಕರ್ನಾಟಕದವನೆಂದು ಕರೆದವರು ಜ್ಞಾನೇಶ್ವರರೇ. ಆದರೆ ಇನ್ನೊಂದು ವ್ಯತ್ಯಾಸವು ನಮಗೆ ಪ್ರತಿಕೂಲವಾಗಿದೆ. ಮೈಯ ಬಣ್ಣವನ್ನು ಮುಚ್ಚಿಡಲಾಗದು, ನುಡಿಯನ್ನು ಮುಚ್ಚಿಡಬಹುದು. ಹೇಗ್ ನಗರದ ಹುಡುಗನು ಬೇಕೆಂದರೂ ಗುಂಪಿನಲ್ಲಿ ಕರಗಲಾರನು. ಸಾಂಗಲಿಯ ಕನ್ನಡದ ಹುಡುಗನು ಅರ್ಧ ತಾಸಿನಲ್ಲಿ ಕರಗಬಲ್ಲನು. ಹೆಸರಿನ ಕೊನೆಗೆ ‘ಕರ’ ಸೇರಿದರೆ, ತಾಯಿಯ ಕರೆಗೆ ಮರಾಠಿಯಲ್ಲಿ ಓಗೊಟ್ಟರೆ ಆಯಿತು. ಈ ಸೌಲಭ್ಯವೇ ನಮ್ಮ ಮನೆಗಳನ್ನು ತಿಂದಿದೆ. ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಸೊಸೆ ಎರಡೂ ಬೆರೆಸಿ ಹೇಳುತ್ತಾಳೆ, ಮೊಮ್ಮಗ ಮರಾಠಿಯಲ್ಲಿ ಉತ್ತರಿಸುತ್ತಾನೆ. ಯಾವ ಕಾಯಿದೆಯೂ ಇದನ್ನು ಮಾಡಿಸಲಿಲ್ಲ. ಪ್ರಶ್ನೆಯನ್ನು ಎದುರಿಸುವುದಕ್ಕಿಂತ ಪ್ರಶ್ನೆ ಬಾರದಂತೆ ಬಾಳುವುದು ಸುಲಭ, ಅಷ್ಟೇ.

ಇನ್ನು ಈ ತೂಕದ ಕಲ್ಲು ಎಲ್ಲಿಂದ ಬಂದಿತು? ಬ್ರಿಟಿಷರು ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳನ್ನೆಲ್ಲ ‘ದಕ್ಷಿಣ ಮರಾಠಾ ದೇಶ’ವೆಂದು ಕರೆದರು. ಆಳುವವರು ಮರಾಠರಾಗಿದ್ದರು, ಆದುದರಿಂದ ನಾಡೂ ಅವರದೇ ಹೆಸರಿನದಾಯಿತು. ಒಕ್ಕಲು ಯಾವ ನುಡಿಯನ್ನು ಆಡುವನೆಂದು ಕೇಳಿದವರು ಕಡಿಮೆ. ನಮ್ಮ ಊರುಗಳನ್ನು ಜೋಡಿಸಿದ ರೈಲಿಗೂ ‘ಸದರ್ನ್ ಮರಾಠಾ ರೈಲ್ವೆ’ ಎಂದೇ ಹೆಸರಾಯಿತು. ಧಾರವಾಡದಲ್ಲಿಯೇ ಸರಕಾರಿ ಶಾಲೆಗಳು ಮರಾಠಿಯವು. ಓದಿದವರೆನಿಸಿಕೊಳ್ಳಬೇಕಾದರೆ ಮರಾಠಿ ಬರೆಯಬೇಕು. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯು ಇದು ಕನ್ನಡ ಸೀಮೆಯೆಂದು ಮನಗಂಡನು, ಮುಂದೆ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನಿಲ್ಲಿಸಿದರು, 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಅಲ್ಲಿ ಕಲ್ಲು ಬದಲಾಯಿತು. ನಮ್ಮಲ್ಲಿ ಬದಲಾಗಲಿಲ್ಲ.

ಆದರೂ ಈ ಊರುಗಳ ಬುನಾದಿಯಲ್ಲಿ ಕನ್ನಡದ ಕಲ್ಲುಗಳು ಸಾಕಷ್ಟು ಇವೆ. 1842ರಲ್ಲಿ ಉತ್ತರ ಕನ್ನಡದಿಂದ ಒಂದು ಭಾಗವತರ ಮೇಳವು ಸಾಂಗಲಿಗೆ ಬಂದು ಯಕ್ಷಗಾನವನ್ನು ಆಡಿ ತೋರಿಸಿತು. ಅದನ್ನು ನೋಡಿದ ಚಿಂತಾಮಣರಾವರು ಮರಾಠಿಯಲ್ಲಿಯೂ ಇಂಥದು ಆಗಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷ, 1843ರಲ್ಲಿ, ‘ಸೀತಾಸ್ವಯಂವರ’ ಆಡಲ್ಪಟ್ಟಿತು. ಮಹಾರಾಷ್ಟ್ರವೆಲ್ಲ ಪ್ರತಿ ನವೆಂಬರ 5ರಂದು ಮರಾಠಿ ರಂಗಭೂಮಿಯ ದಿನವನ್ನು ಆಚರಿಸುವುದು ಈ ನಾಟಕದ ನೆನಪಿಗಾಗಿಯೇ. ಮಿರಜದಲ್ಲಿ ನೆಲೆಸಿ, 1937ರಲ್ಲಿ ತೀರಿಕೊಂಡು, ಇಲ್ಲಿಯ ದರ್ಗಾದಲ್ಲಿಯೇ ಮಣ್ಣಾದ ಅಬ್ದುಲ್ ಕರೀಮ ಖಾನರು ಉತ್ತರದ ಕೈರಾನಾದವರು; ಅವರ ಗಾಯನವನ್ನು ಮುಂದೆ ನಡೆಸಿದವರಲ್ಲಿ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರು ಮುಖ್ಯರು. ಮಿರಜದ ತಂಬೂರಿಗಳು ಇಂದಿಗೂ ಧಾರವಾಡದ ಮನೆಗಳಲ್ಲಿ ಶ್ರುತಿ ಹಿಡಿದಿವೆ. ಇನ್ನೊಂದು ಮಾತು: ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದು 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ರಂ. ಶ್ರೀ. ಮುಗಳಿಯವರು ನಮ್ಮ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ಕಾಲೇಜಿನ ಮುಂದೆ ದಿನಾಲು ಓಡಾಡುವ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ರಾಜಕೀಯದ ಕತೆಯನ್ನು ಬೇಗನೆ ಮುಗಿಸುತ್ತೇವೆ, ಏಕೆಂದರೆ ಎಲ್ಲರಿಗೂ ಅದು ಬಾಯಿಪಾಠ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯಾಯಿತು, 1960ರಲ್ಲಿ ಅದೇ ಸಾಂಗಲಿ ಜಿಲ್ಲೆಯೆನಿಸಿತು. ನಡುವೆ 1956ರ ಪುನರ್ರಚನೆ. ಸಾಂಗಲಿಯವರ ತೇರದಾಳ, ಶಿರಹಟ್ಟಿಗಳೂ ಮಿರಜದವರ ಲಕ್ಷ್ಮೇಶ್ವರವೂ ಕರ್ನಾಟಕಕ್ಕೆ ಸೇರಿದವು, ಜತ್ತವು ಇತ್ತ ಉಳಿಯಿತು. 1967ರಲ್ಲಿ ಮಹಾಜನ ಆಯೋಗವು ಬೆಳಗಾವಿ ಕರ್ನಾಟಕದಲ್ಲಿಯೇ ಇರಲಿ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಭಾಗಗಳು ಕರ್ನಾಟಕಕ್ಕೆ ಹೋಗಲಿ ಎಂದಿತು. ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಗೆರೆ ಎಲ್ಲಿಯೇ ಬೀಳಲಿ, ಅದರ ಎರಡೂ ಬದಿಗೆ ಇನ್ನೊಬ್ಬರ ನುಡಿಯವರು ಉಳಿದೇ ಉಳಿಯುತ್ತಾರೆ. ಗೆರೆಯ ಮೇಲೆ ನಾವು ಖರ್ಚುಮಾಡಿದ ಉಸಿರಿನಲ್ಲಿ ಕಾಲುಭಾಗವನ್ನಾದರೂ ಉಳಿದವರ ಬಾಳಿನ ಮೇಲೆ ಖರ್ಚುಮಾಡಿದ್ದರೆ ಚೆನ್ನಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಸರಕಾರದ ಉಪಕಾರವನ್ನು ನೆನೆಯದಿರುವುದು ಸಲ್ಲದು. ಪುಣೆಯ ಬಾಲಭಾರತಿ ಸಂಸ್ಥೆಯು 1967ರಲ್ಲಿ ಸ್ಥಾಪಿತವಾದುದು. ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಹಾಕಿ ಕೊಟ್ಟಿದೆ. ರಾಜ್ಯಘಟನೆಯ 350-ಎ ಕಲಮು ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಕರ್ಯವನ್ನು ಹೇಳಿದೆ. ಆದರೆ 2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಲಯಾಳಿ ಶಿಕ್ಷಕರ ವಿಷಯವಾಗಿ ಇದೇ ಗೋಳು. ನೇಮಿಸಿದವರಿಗೆ ಕನ್ನಡದ ಮೇಲೆ ದ್ವೇಷವಿತ್ತೆಂದು ಊಹಿಸಬೇಕಾಗಿಲ್ಲ. ಯಾದಿಯನ್ನು ನೋಡುವಾಗ ‘ಶಿಕ್ಷಕ’ ಎಂದರೆ ತಮ್ಮ ನುಡಿಯ ಶಿಕ್ಷಕನೆಂಬುದು ಮೇಜಿನ ಮೇಲೆ ಮೊದಲೇ ಬಂದು ಕುಳಿತಿರುತ್ತದೆ. ಒಂದನೆಯ ಇಯತ್ತೆಯ ಮಗುವು ಏನೊಂದೂ ತಿಳಿಯದೆ ಇಡೀ ದಿನ ಬಾಯಿ ನೋಡುತ್ತ ಕುಳಿತುಕೊಳ್ಳುವುದು ಯಾವ ಯಾದಿಯಲ್ಲಿಯೂ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಸಭೆ ಬೆಚ್ಚಗಾಗಿದೆ. ಈಗ ತುಸು ತಣ್ಣೀರು. ಬೆಳಗಾವಿಯಲ್ಲಿ ತೂಕದ ಕಲ್ಲು ನಮ್ಮದು. ಅಲ್ಲಿಯ ಮರಾಠಿ ಮನೆಯ ಮುದುಕಿಯು ಕಚೇರಿಯಲ್ಲಿ ಕನ್ನಡದ ಅರ್ಜಿಯನ್ನು ಹಿಡಿದು ನಿಂತಾಗ ಅವಳಿಗೆ ಏನೆನಿಸುವುದೆಂಬುದನ್ನು ಮಿರಜದ ಕನ್ನಡಿಗನಿಗಿಂತ ಚೆನ್ನಾಗಿ ಯಾರು ಬಲ್ಲರು? ಅವಳ ಪರವಾಗಿ ಒಂದು ಮಾತು ಆಡುವ ಅಧಿಕಾರ ಇದ್ದರೆ ಅದು ನಮಗೇ ಇದೆ. ಬೇಂದ್ರೆಯವರ ಮನೆಮಾತು ಮರಾಠಿಯಾಗಿದ್ದಿತು. ಆ ಮನೆಯನ್ನು ‘ಮೂಲತಃ ಎಲ್ಲಿಯದು’ ಎಂದು ಕೇಳಿ ದೂರವಿಟ್ಟಿದ್ದರೆ ಕನ್ನಡಕ್ಕೆ ಆಗುತ್ತಿದ್ದ ಹಾನಿ ಎಷ್ಟು! ಇತ್ತ ಬೆಂಗಳೂರಿಗೆ ಹೋದ ಜತ್ತದ ಹುಡುಗನಿಗೆ “ನಿಮ್ಮದು ಮರಾಠಿ ಬೆರೆತ ಕನ್ನಡ” ಎಂಬ ನಗೆ ಕಾದಿರುತ್ತದೆ. ಇಲ್ಲಿ ಅವನು ಕಾನಡೀ, ಅಲ್ಲಿ ಅವನು ಮರಾಠಿ.

ಕೊನೆಯದಾಗಿ ಈ ಸಭಾಗೃಹದ ಹೊರಗೆ ನೋಡೋಣ. ವಿಜಯಪುರ, ಕಲಬುರ್ಗಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು ನಮ್ಮ ಎರಡೂ ಊರುಗಳಲ್ಲಿವೆ. ಬೆಳಿಗ್ಗೆ ಮಿರಜ ಸ್ಟೇಶನ್ನಿನ ಆಸುಪಾಸಿನಲ್ಲಿ ನಿಂತರೆ ಕೇಳಿಬರುವ ಕನ್ನಡದಲ್ಲಿ ಮರಾಠಿಯ ಸೋಂಕೂ ಇರುವುದಿಲ್ಲ, ಸಂಕೋಚವೂ ಇರುವುದಿಲ್ಲ. ಮಗ್ಗುಲಲ್ಲಿ ಯಾರು ನಿಂತಿದ್ದರೂ ಅವರು ದನಿ ತಗ್ಗಿಸುವುದಿಲ್ಲ. ಗಡಿನಾಡಿನ ಸಂಘಗಳ ಸದಸ್ಯರ ಯಾದಿಗಳಲ್ಲಿ ವಕೀಲರು, ಮಾಸ್ತರರು, ಅಡತಿ ವ್ಯಾಪಾರಿಗಳು ಇರುತ್ತಾರೆ. ಈ ಜನರ ಹೆಸರುಗಳು ಸಾಮಾನ್ಯವಾಗಿ ಕಾಣುವುದಿಲ್ಲ. ‘ಅವರು ಇಲ್ಲಿಯವರಲ್ಲ, ಕೆಲಸಕ್ಕೆ ಬಂದವರು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವು ಎಲ್ಲಿಯೋ ಕೇಳಿದ್ದೇವಲ್ಲವೆ?

ಕಾರ್ಯಕಾರಿ ಮಂಡಳಿಯವರಲ್ಲಿ ಎರಡು ಬೇಡಿಕೆಗಳನ್ನು ಇಟ್ಟು ನಮ್ಮ ಮಾತನ್ನು ನಿಲ್ಲಿಸುತ್ತೇವೆ. ಸದಸ್ಯತ್ವದ ಅರ್ಜಿಯಲ್ಲಿ ‘ಮೂಲ ಊರು’ ಎಂಬ ಅಂಕಣವಿದ್ದರೆ ಅದನ್ನು ತೆಗೆದುಹಾಕಿ, ಈಗಿನ ವಿಳಾಸವಷ್ಟೇ ಇರಲಿ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಮೊದಲು ನಾಲ್ಕಾರು ಜನ ಸ್ವಯಂಸೇವಕರು, ಅದರಲ್ಲಿಯೂ ಹೆಣ್ಣುಮಕ್ಕಳು, ಕೂಲಿಕಾರರ ಬಿಡಾರಗಳಿಗೆ ಹೋಗಿ ಆರು ವರ್ಷ ತುಂಬಿದ ಮಕ್ಕಳ ಹೆಸರುಗಳನ್ನು ಬರೆದುಕೊಂಡು ಕನ್ನಡ ಶಾಲೆಗೆ ಸೇರಿಸಲಿ. ಜನ್ಮದಾಖಲೆ ಇಲ್ಲವೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆಯೇ ಹೇಳಿದೆ. ಹೋಗಲು ಒಪ್ಪುವವರು ಸಭೆ ಮುಗಿದೊಡನೆ ಕಾರ್ಯದರ್ಶಿಗಳ ಬಳಿ ಹೆಸರು ಕೊಡಬೇಕು. ಸಾಯಂಕಾಲ ಆರು ಗಂಟೆಯ ಮೇಲೆ ಹೋಗುವುದು ಲೇಸು; ಅದಕ್ಕೆ ಮೊದಲು ಬಿಡಾರಗಳಲ್ಲಿ ಯಾರೂ ಇರುವುದಿಲ್ಲ.