ಕಡಲಿನಲ್ಲಿ ಸೊರಗುವ ಡೀಸೆಲ್ ಜನರೇಟರು

ನಡುಗಡಲಿನಲ್ಲಿ ಹಡಗಿನ ದೀಪಗಳು ಮಂಕಾದರೆ ಡೀಸೆಲ್ ಜನರೇಟರಿನ ವೇಗ ಕುಗ್ಗಿದೆಯೇ ಎಂದು ನೋಡಬೇಕು. ನಾಲ್ಕು ಧ್ರುವಗಳ ಜನರೇಟರು 50 ಆವರ್ತದ ವಿದ್ಯುತ್ತನ್ನು ಕೊಡಲು ನಿಮಿಷಕ್ಕೆ 1500 ಸುತ್ತು ತಿರುಗಲೇಬೇಕು.

ಮೊದಲು ಹೊರೆಯನ್ನು ಇಳಿಸಿ, ಸಂಚಾರದೀಪಗಳಿಗೂ ನೀರೆತ್ತುವ ಪಂಪಿಗೂ ಮಾತ್ರ ವಿದ್ಯುತ್ತನ್ನು ಉಳಿಸಬೇಕು. ಬಳಿಕ ಹೊಗೆಯನ್ನು ಗಮನಿಸಬೇಕು. ಅದು ಕಪ್ಪಗಿದ್ದರೆ ಗಾಳಿ ಸಾಲದೆಂದೋ ಹೊರೆ ಹೆಚ್ಚೆಂದೋ ಅರ್ಥ. ಹೊಗೆಯಿಲ್ಲದೆ ಯಂತ್ರ ಸೊರಗಿದರೆ ಎಣ್ಣೆಯ ಕೊರತೆಯನ್ನು ಶಂಕಿಸಬೇಕು. ಅಲೆಗಳ ಹೊಯ್ದಾಟದಲ್ಲಿ ಟ್ಯಾಂಕಿನ ತಳದ ಮಡ್ಡಿ ಕದಡಿ ಫಿಲ್ಟರಿಗೆ ಕಟ್ಟಿಕೊಳ್ಳುವುದುಂಟು.

ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದೊಡನೆ ಯಂತ್ರ ಚೇತರಿಸಿಕೊಂಡರೆ, ಟ್ಯಾಂಕಿಗೆ ಗಾಳಿ ಬರುವ ಕೊಳವೆ ಕಟ್ಟಿದೆಯೆನ್ನಬಹುದು. ಇಲ್ಲವಾದರೆ ಯಂತ್ರವನ್ನು ನಿಲ್ಲಿಸಿ, ಫಿಲ್ಟರನ್ನು ಬದಲಿಸಿ, ಕೊಳವೆಯ ಜೋಡಣೆಗಳನ್ನು ಬಿಗಿದು, ಒಳಸೇರಿದ ಗಾಳಿಯನ್ನು ಹೊರಗೆಡವಬೇಕು.

ದೀಪವಿಲ್ಲದ ಹಡಗು ಇರುಳಿನಲ್ಲಿ ಎದುರಿನವರಿಗೆ ಕಾಣದು. ಆದುದರಿಂದ ಹೊರಡುವ ಮುನ್ನವೇ ಟ್ಯಾಂಕಿನ ತಳದ ನೀರನ್ನು ಬಸಿದು, ಹೊಸ ಫಿಲ್ಟರೊಂದನ್ನು ಜೊತೆಗಿರಿಸಿಕೊಳ್ಳುವುದು ಲೇಸು.