ಜ್ವರ ಬಿಟ್ಟ ಮೇಲಿನ ಹತ್ತು ದಿನ

ಕರಾವಳಿಯ ಉದ್ದಗಲದಿಂದ ಈ ಸಮಾವೇಶಕ್ಕೆ ಬಂದಿರುವ ಆಶಾ ಕಾರ್ಯಕರ್ತೆಯರೇ, ಆರೋಗ್ಯ ನಿರೀಕ್ಷಕರೇ, ಲ್ಯಾಬ್ ಟೆಕ್ನಿಷಿಯನ್ನರೇ, ವೈದ್ಯ ಮಿತ್ರರೇ,



ಮಂಗಳೂರಿನಲ್ಲಿ ನಿಂತು ಮಲೇರಿಯಾದ ಬಗ್ಗೆ ಮಾತಾಡಲು ಪೀಠಿಕೆ ಬೇಕಿಲ್ಲ. 1990ರ ದಶಕದಿಂದ ಇಲ್ಲಿ ಕಟ್ಟಡಗಳು ಎದ್ದಂತೆಲ್ಲ ಈ ಜ್ವರವೂ ಹಬ್ಬಿತು. ಇಂದು ಪ್ರಕರಣಗಳು ಬಹಳ ಇಳಿದಿವೆ. ಸೈಟಿನಿಂದ ಸೈಟಿಗೆ ಬಿಸಿಲಲ್ಲಿ ನಡೆದು ರಕ್ತಲೇಪನ ತೆಗೆದ ನಿಮಗೆ ಅದರ ಶ್ರೇಯಸ್ಸು ಸಲ್ಲಬೇಕು. 2030ರೊಳಗೆ ದೇಶದಿಂದ ಮಲೇರಿಯಾ ತೊಲಗಬೇಕೆಂಬ ಗುರಿ ನಮ್ಮ ಮುಂದಿದೆ. ರೋಗಿಗಳು ಕಡಿಮೆಯಾದಷ್ಟೂ ಒಬ್ಬೊಬ್ಬರ ಚಿಕಿತ್ಸೆಯೂ ಪೂರ್ಣವಾಗುವುದು ಹೆಚ್ಚು ಮುಖ್ಯವಾಗುತ್ತದೆ.

ಚಿಕಿತ್ಸಾ ಮಾರ್ಗಸೂಚಿ ನಿಮಗೆ ಬಾಯಿಪಾಠ. ವೈವಾಕ್ಸ್ ಮಲೇರಿಯಾ ಆದರೆ ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್. ಫಾಲ್ಸಿಪಾರಂ ಆದರೆ ಮೂರು ದಿನ ಎಸಿಟಿ (ಆರ್ಟೆಮಿಸಿನಿನ್ ಆಧಾರಿತ ಸಂಯುಕ್ತ ಚಿಕಿತ್ಸೆ), ಎರಡನೇ ದಿನ ಪ್ರೈಮಾಕ್ವಿನ್ ಒಂದೇ ಡೋಸ್. ಗರ್ಭಿಣಿಗೆ, ವರ್ಷ ತುಂಬದ ಮಗುವಿಗೆ, ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಪ್ರೈಮಾಕ್ವಿನ್ ಸಲ್ಲದು. ಇಷ್ಟು ತಿಳಿದಿದ್ದೂ ನಾವು ಎಡವುತ್ತಿರುವುದು ಎಲ್ಲಿ?

ನಾಲ್ಕನೇ ದಿನ. ಕ್ಲೋರೋಕ್ವಿನ್ ಮುಗಿದಿದೆ, ಮೈ ತಣ್ಣಗಾಗಿದೆ. ತಗಡಿನ ಶೆಡ್ಡಿನ ಕಾರ್ಮಿಕ ಬೆಳಿಗ್ಗೆ ಏಳಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹತ್ತಿದ್ದಾನೆ. ಪೂರ್ತಿ ಮುಗಿಯದ ಪ್ರೈಮಾಕ್ವಿನ್ ಮಾತ್ರೆ ಪಟ್ಟಿ ಬ್ಯಾಗಿನ ಜೇಬಿನಲ್ಲಿದೆ. ಕೇಳಿದರೆ, "ಜ್ವರ ಹೋಯ್ತಲ್ಲ ಅಕ್ಕಾ, ಇನ್ಯಾಕೆ?" ಅನ್ನುತ್ತಾನೆ. ಆದರೆ ಆ ಉಳಿದ ಮಾತ್ರೆಗಳು ಕೊಲ್ಲಬೇಕಾದ ವೈವಾಕ್ಸ್ ಪರಾವಲಂಬಿ ಅವನ ಯಕೃತ್ತಿನಲ್ಲಿ ಇನ್ನೂ ಮಲಗಿದೆ. ಕೆಲವು ವಾರಗಳೋ ತಿಂಗಳುಗಳೋ ಕಳೆದು ಎದ್ದರೆ ಅವನಿಗೆ ಮತ್ತೆ ಜ್ವರ, ಅಕ್ಕಪಕ್ಕದ ಶೆಡ್ಡಿಗೂ ಸೋಂಕು. ಅಷ್ಟರಲ್ಲಿ ಅವನು ಇನ್ನೊಂದು ಜಿಲ್ಲೆಯ ಸೈಟಿನಲ್ಲೂ ಇರಬಹುದು.

ಅವನ "ಯಾಕೆ"ಗೆ ಉತ್ತರ ಮೊದಲ ದಿನವೇ ಅವನ ಭಾಷೆಯಲ್ಲಿ ಸಿಗಬೇಕಿತ್ತು. ಮಾತ್ರೆ ಕೈಗಿಟ್ಟು ರಿಜಿಸ್ಟರಿನಲ್ಲಿ ಟಿಕ್ ಹಾಕಿದರೆ ಚಿಕಿತ್ಸೆ ಕೊಟ್ಟಂತಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಬೇಡ, ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಬಾ ಎಂಬ ಎರಡು ಮಾತು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಜೀವ ಉಳಿಸಬಲ್ಲದು.

ಖಾಸಗಿ ವೈದ್ಯ ಮಿತ್ರರಲ್ಲೂ ಒಂದು ಕೋರಿಕೆ. ಪರೀಕ್ಷೆ ನೆಗೆಟಿವ್ ಬಂದರೂ "ಇರಲಿ" ಎಂದು ಮಲೇರಿಯಾ ಮಾತ್ರೆ ಬರೆಯುವುದನ್ನು, ಸಾಧಾರಣ ವೈವಾಕ್ಸ್ ಜ್ವರಕ್ಕೆ ಆರ್ಟೆಸುನೇಟ್ ಇಂಜೆಕ್ಷನ್ ಚುಚ್ಚುವುದನ್ನು ದಯವಿಟ್ಟು ಬಿಡಿ. ಆ ಇಂಜೆಕ್ಷನ್ ತೀವ್ರ ಮಲೇರಿಯಾಕ್ಕೆ ಮೀಸಲಾದ ಔಷಧ. ಅದನ್ನು ಮನಬಂದಂತೆ ಬಳಸಿ ನಿರೋಧಕತೆಗೆ ದಾರಿ ಮಾಡಿಕೊಟ್ಟರೆ ಮುಂದೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇದಿಷ್ಟನ್ನೂ ಕಾರ್ಯಕರ್ತೆಯ ತಲೆಗೆ ಕಟ್ಟಿ ಅಧಿಕಾರಿಗಳು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸ್ಲೈಡಿನ ವರದಿ ಮೂರು ದಿನ ತಡವಾದರೆ, ಪರೀಕ್ಷಾ ಕಿಟ್ ಮುಗಿದಿದ್ದರೆ, ಪ್ರೈಮಾಕ್ವಿನ್ ದಾಸ್ತಾನಿಲ್ಲದಿದ್ದರೆ ಆಕೆ ಯಾವ ಮಾರ್ಗಸೂಚಿ ಪಾಲಿಸಬೇಕು? ಸರ್ಕಾರ ಮೊದಲು ಇವನ್ನು ತಪ್ಪದೆ ಒದಗಿಸಲಿ. ಹದಿನಾಲ್ಕು ದಿನ ರೋಗಿಯ ಬೆನ್ನು ಹತ್ತುವ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಕೊಡಲಿ. ವಲಸೆ ಹೋದ ರೋಗಿಯ ಮಾಹಿತಿ ಆ ಜಿಲ್ಲೆಗೆ ಅಂದೇ ತಲುಪಲಿ. ಈ ಸಮಾವೇಶದ ನಿರ್ಣಯಗಳಲ್ಲಿ ಈ ಮೂರೂ ಸೇರಬೇಕೆಂದು ಅಧ್ಯಕ್ಷನಾಗಿ ಸೂಚಿಸುತ್ತೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ನಾಳೆ ಕೆಲಸಕ್ಕೆ ಹೋದ ಕೂಡಲೇ ಡೈರಿ ತೆರೆದು, ಪ್ರೈಮಾಕ್ವಿನ್ ಇನ್ನೂ ಮುಗಿಸದವರ ಹೆಸರು ಹುಡುಕಿ, ಅವರಿಗೊಂದು ಫೋನ್ ಮಾಡಿ.