ಕನ್ನಡ ಫಾರಂ ಎಲ್ಲಿ ಹೋಯಿತು?

(ಕಂಪ್ಯೂಟರ್ ಕಲಿಯುತ್ತಿರುವ ಯುವಕ ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಪಿಯುಸಿ. ಹೊಟ್ಟೆಪಾಡು ಪ್ರೆಸ್ಸು. ಕಂಪ್ಯೂಟರ್ ಬಗ್ಗೆ ಮಾತಾಡಲು ಇವನಿಗೇನು ಅರ್ಹತೆ ಎಂದು ನೀವು ಕೇಳಬಹುದು. ಅರ್ಹತೆ ಒಂದೇ, ನಾನು ಪೆಟ್ಟು ತಿಂದವನು.

ಲಗ್ನಪತ್ರಿಕೆ, ಬಿಲ್ ಬುಕ್ಕುಗಳ ಆರ್ಡರನ್ನು ವೆಬ್‌ಸೈಟಿನಲ್ಲೇ ತೆಗೆದುಕೊಳ್ಳೋಣವೆಂದು ಜ್ಯಾಂಗೋದಲ್ಲಿ ಒಂದು ಅಪ್ಲಿಕೇಶನ್ ಮಾಡಿಸಿದೆ. ಈ ಜ್ಯಾಂಗೋ ಕೂಡ ನಮ್ಮ ಕಸುಬಿನ ನೆಂಟನೇ. ಅಮೆರಿಕದ ಕ್ಯಾನ್ಸಸ್ ರಾಜ್ಯದ 'ಲಾರೆನ್ಸ್ ಜರ್ನಲ್-ವರ್ಲ್ಡ್' ಎಂಬ ದಿನಪತ್ರಿಕೆಯ ಕಚೇರಿಯಲ್ಲಿ 2003ರಲ್ಲಿ ಹುಟ್ಟಿ, 2005ರಲ್ಲಿ ಎಲ್ಲರ ಕೈಗೂ ಬಂತು.

ಆರ್ಡರ್ ಫಾರಂ ಮೊದಲು ಇಂಗ್ಲಿಷಿನಲ್ಲಿತ್ತು. ನಾನು ಹಟ ಹಿಡಿದು, ಅದೇ ಹೆಸರಿನ ಕನ್ನಡ ಟೆಂಪ್ಲೇಟ್ ಬರೆಸಿ ಬೇರೆ ಫೋಲ್ಡರಿನಲ್ಲಿ ಇಡಿಸಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಮುತ್ತಿನ ಹಾಗೆ ಬಂತು. ಸರ್ವರಿಗೆ ಏರಿಸಿದೆವು. ಎಂಟು ದಿನ ಕಳೆದರೂ ಹಳ್ಳಿಗಳಿಂದ ಒಂದು ಆರ್ಡರೂ ಇಲ್ಲ. ಕೊನೆಗೆ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ಏನ್ ಸ್ವಾಮಿ, ನೀವೂ ಇಂಗ್ಲಿಷಿಗೆ ಹೋಗ್ಬಿಟ್ರಾ?" ಎಂದರು. ನಾಚಿಕೆಯಾಯಿತು.

ಕನ್ನಡವನ್ನು ಯಾರೂ ಅಳಿಸಿರಲಿಲ್ಲ. ಹಾಗಾದರೆ ಆದದ್ದೇನು?

ಸೆಟ್ಟಿಂಗ್ಸ್ ಫೈಲಿನಲ್ಲಿ ಟೆಂಪ್ಲೇಟಿಗೆಂದು 'ಡರ್ಸ್' ಎಂಬ ಪಟ್ಟಿ ಇದೆ. ಜ್ಯಾಂಗೋ ಮೊದಲು ಆ ಪಟ್ಟಿಯ ಫೋಲ್ಡರುಗಳಲ್ಲಿ ಹುಡುಕುತ್ತದೆ. 'ಆಪ್ ಡರ್ಸ್' ಚಾಲೂ ಇದ್ದರೆ, ಆಮೇಲೆ ಅಪ್ಲಿಕೇಶನ್ನಿನ ಒಳಗಿನ ಫೋಲ್ಡರಿಗೆ ಹೋಗುತ್ತದೆ. ನಮ್ಮ ಹುಡುಗ ಪಟ್ಟಿಯಲ್ಲಿ ಬರೆದಿದ್ದದ್ದು ನನ್ನ ಅಂಗಡಿಯ 'ಸಿ' ಡ್ರೈವಿನ ವಿಳಾಸ! ಲಿನಕ್ಸ್ ಸರ್ವರಿನಲ್ಲಿ 'ಸಿ' ಡ್ರೈವ್ ಎಲ್ಲಿಂದ ಬರಬೇಕು? ಫೋಲ್ಡರೇ ಇಲ್ಲವೆಂದು ಜ್ಯಾಂಗೋ ಕೂಗಲಿಲ್ಲ. ಸುಮ್ಮನೆ ಮುಂದೆ ಹೋಗಿ ಇಂಗ್ಲಿಷ್ ಫಾರಂ ತಂದುಕೊಟ್ಟಿತು. ಎಲ್ಲೂ ಸಿಗದಿದ್ದರೆ ಮಾತ್ರ ಅದು ಎರರ್ ತೋರಿಸುವುದು.

ನಮ್ಮ ತಂದೆಯ ಕಾಲದಲ್ಲಿ ಅಚ್ಚುಮೊಳೆ ಜೋಡಿಸುವವರು ನೋಡದೆಯೇ 'ಕ' ಇರುವ ಖಾನೆಗೆ ಕೈ ಹಾಕುತ್ತಿದ್ದರು. ಬೇರೆ ಪ್ರೆಸ್ಸಿಗೆ ಹೋದ ಮೊದಲ ದಿನ ಅದೇ ಕೈ ತಪ್ಪು ಖಾನೆಗೆ ಬೀಳುತ್ತಿತ್ತು. ಇದೂ ಅದೇ ಕಥೆ.

ಆದ್ದರಿಂದ ಮೂರು ಮಾತು ನೆನಪಿಡಿ.

ಒಂದು: ನಿಮ್ಮ ಕಂಪ್ಯೂಟರಿನ ವಿಳಾಸ ಬರೆಯಬೇಡಿ. ಸೆಟ್ಟಿಂಗ್ಸ್ ಫೈಲಿನ ಮೇಲ್ಭಾಗದಲ್ಲೇ 'ಬೇಸ್ ಡಿರ್' ಇರುತ್ತದೆ. ಆ ಫೈಲು ಕೂತ ಜಾಗದಿಂದ ಲೆಕ್ಕ ಹಾಕಿ ಅದು ಪ್ರಾಜೆಕ್ಟಿನ ಬುಡ ಹಿಡಿಯುತ್ತದೆ. ಅದಕ್ಕೆ ಟೆಂಪ್ಲೇಟ್ ಫೋಲ್ಡರಿನ ಹೆಸರು ಜೋಡಿಸಿ. ಬರೀ ಫೋಲ್ಡರಿನ ಹೆಸರು ಸಾಲದು. ಅದು ಪ್ರೋಗ್ರಾಂ ಶುರುವಾದ ಜಾಗದಿಂದ ಎಣಿಕೆಯಾಗುತ್ತದೆ, ಸರ್ವರಿನಲ್ಲಿ ಆ ಜಾಗವೇ ಬೇರೆ ಇರಬಹುದು.

ಎರಡು: ಫೋಲ್ಡರಿನ ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬದಲಾದರೆ ವಿಂಡೋಸ್ ಸಾಮಾನ್ಯವಾಗಿ ಸಹಿಸುತ್ತದೆ, ಲಿನಕ್ಸ್ ಸಹಿಸುವುದಿಲ್ಲ.

ಮೂರು: ತಿದ್ದಿದ ಮೇಲೆ ಸರ್ವರ್ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿ. ಸರ್ವರಿನ ಜ್ಯಾಂಗೋ ಶೆಲ್‌ನಲ್ಲಿ 'ಗೆಟ್ ಟೆಂಪ್ಲೇಟ್' ಕೊಟ್ಟು 'ಆರಿಜಿನ್' ನೋಡಿ. ಯಾವ ಫೈಲನ್ನು ಎತ್ತಿಕೊಂಡಿತೆಂದು ಪೂರ್ತಿ ವಿಳಾಸ ಹೇಳುತ್ತದೆ.

ಹುಡುಗನನ್ನು ನಾನು ಬೈಯಲಿಲ್ಲ. ಪ್ರೂಫ್ ನೋಡದೆ ಅಚ್ಚಿಗೆ ಬಿಟ್ಟವನು ನಾನೇ ತಾನೆ? ಎಂಟು ದಿನದಲ್ಲಿ ಒಮ್ಮೆ ನನ್ನ ಮೊಬೈಲಿನಲ್ಲಿ ಆ ಫಾರಂ ತೆರೆದಿದ್ದರೆ ಸಾಕಿತ್ತು. ಪುಟ ಬಂತು ಎಂದು ಸಮಾಧಾನಪಡಬೇಡಿ ಗೆಳೆಯರೇ, ಯಾವ ಪುಟ ಬಂತೆಂದು ಕಣ್ಣಾರೆ ನೋಡಿ. ನಿಮ್ಮ ಕನ್ನಡ ಪುಟ ಸರ್ವರಿನಲ್ಲೇ ಇದ್ದೂ ಯಾರಿಗೂ ಕಾಣದಂತಾಗಬಾರದು.